ನೆರೆ ಇಳಿದರೂ ನಿಲ್ಲದ ದೂರು

ಕೆಆರ್‌ಎಸ್, ಕಬಿನಿ ಜಲಾಶಯಗಳಿಂದ ಬಿಟ್ಟ ನೀರು ತಿರುಮಕೂಡಲು ನರಸೀಪುರದಲ್ಲಿ ಒಂದಾಗಿ ಕೊಳ್ಳೇಗಾಲದತ್ತ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಅದು ದಾಸನಪುರ, ಹಳೇ ಹಂಪಾಪುರ, ಮುಳ್ಳೂರಿನ ಮನೆ, ಗದ್ದೆಗಳಿಗೆ ನುಗ್ಗಿತು.

ಆಗ ರಾಜ್ಯದಲ್ಲಿ ಸಂಪುಟವೇ ಇರಲಿಲ್ಲ. ಜುಲೈ 26ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಬಿಜೆಪಿಯ ಯಡಿಯೂರಪ್ಪ ಆಗಸ್ಟ್ 20ರವರೆಗೆ ಒಬ್ಬರೇ ಆಡಳಿತ ನಡೆಸಿದರು. ಕಾಂಗ್ರೆಸ್ ಅದನ್ನೇ ಹಿಡಿದು ಜರೆಯಿತು. ರಾಜ್ಯ ಅಂದಾಜಿಸಿದ ಒಟ್ಟು ನೆರೆ ನಷ್ಟ ಸುಮಾರು 35,000 ಕೋಟಿ ರೂಪಾಯಿ. ಅಕ್ಟೋಬರ್‌ನಲ್ಲಿ ಕೇಂದ್ರ ಮಧ್ಯಂತರವಾಗಿ ಕೊಟ್ಟಿದ್ದು 1,200 ಕೋಟಿ. 2023ರ ಬರದಲ್ಲಿ ಪಾತ್ರಗಳು ಅದಲುಬದಲಾದವು. ರಾಜ್ಯದ ಕಾಂಗ್ರೆಸ್ ಸರ್ಕಾರ ಕೇಂದ್ರದಿಂದ 18,171 ಕೋಟಿ ಕೇಳಿ, ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಬಿಜೆಪಿ ರಾಜ್ಯದತ್ತ ಬೊಟ್ಟು ಮಾಡಿತು.

ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಹೊಣೆ ಇಬ್ಬರದೂ. ಕೊಳ್ಳೇಗಾಲ, ಹನೂರು, ಯಳಂದೂರಿಗೆ ಮತ ಕೇಳಲು ಬರುವವರನ್ನು, ಪಕ್ಷ ಯಾವುದೇ ಇರಲಿ, ಪರಿಹಾರ ಯಾವ ತಿಂಗಳು ರೈತರ ಖಾತೆಗೆ ಬಂತೆಂದು ಕೇಳಿ.