ನಾಯಿಯ ಕಾಲು ತೆಗೆಯಬೇಕಾದಾಗ

ಅಲ್ಸೇಷಿಯನ್, ಲ್ಯಾಬ್ರಡಾರ್, ರಾಟ್‌ವೀಲರ್, ಗ್ರೇಟ್ ಡೇನ್ ಮುಂತಾದ ದೊಡ್ಡ ಜಾತಿಯ ನಾಯಿ ಕುಂಟತೊಡಗಿದರೆ ಮನೆಯವರು ಸಾಮಾನ್ಯವಾಗಿ ಕಾಲು ಉಳುಕಿರಬೇಕೆಂದು ಭಾವಿಸುತ್ತಾರೆ. ಎಣ್ಣೆ ತಿಕ್ಕುತ್ತಾರೆ, ನಾಲ್ಕು ದಿನ ಕಾಯುತ್ತಾರೆ. ಬಹಳಷ್ಟು ಸಲ ಅದು ಉಳುಕೇ ಆಗಿರುತ್ತದೆ. ಆದರೆ ವಾರ ಕಳೆದರೂ ಕುಂಟುವುದು ನಿಲ್ಲದಿದ್ದರೆ, ಕಾಲಿನ ಗಂಟಿನ ಬಳಿ ಗಟ್ಟಿಯಾದ ಊತ ಕಂಡರೆ, ತಡಮಾಡದೆ ಎಕ್ಸ್‌ರೇ ತೆಗೆಸಬೇಕು. ಅಂಥ ಊತವನ್ನು ತಿಕ್ಕಲೇಬಾರದು. ಒಳಗಿನ ಮೂಳೆ ಸವೆದಿದ್ದರೆ ಮುರಿದುಹೋಗುವ ಅಪಾಯವಿದೆ.

ಯಾವಾಗ ಅನಿವಾರ್ಯ?

ಕಾಲು ತೆಗೆಯಬೇಕಾದ ಕಾರಣಗಳು ಮುಖ್ಯವಾಗಿ ಎರಡು. ಒಂದು, ವಾಹನ ಹಾಯ್ದು ಮೂಳೆ, ನರ, ರಕ್ತನಾಳ ಸರಿಪಡಿಸಲಾಗದಷ್ಟು ಜಜ್ಜಿಹೋಗುವುದು. ಇನ್ನೊಂದು, ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್. ನಾಯಿಗಳ ಮೂಳೆಯಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಸುಮಾರು ಶೇಕಡಾ 85ರಷ್ಟು ಈ ಜಾತಿಯವೇ. ಭಾರಿ ಮೈಯ ನಾಯಿಗಳಲ್ಲಿ, ಅದರಲ್ಲೂ ಏಳರಿಂದ ಹತ್ತು ವರ್ಷದ ನಡುವೆ ಇದು ಹೆಚ್ಚು. ಮುಂಗಾಲಿನಲ್ಲಿ ಭುಜದ ಹತ್ತಿರ ಅಥವಾ ಮಣಿಕಟ್ಟಿನ ಮೇಲೆ, ಹಿಂಗಾಲಿನಲ್ಲಿ ಮಂಡಿಯ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಗಡ್ಡೆಯ ನೋವು ತೀವ್ರವಾದದ್ದು. ನಾಯಿ ಅಳುವುದಿಲ್ಲವೆಂದ ಮಾತ್ರಕ್ಕೆ ನೋವಿಲ್ಲ ಎಂದು ತಿಳಿಯಬಾರದು. ಆಟ ಬಿಡುವುದು, ಮೂಲೆ ಹಿಡಿಯುವುದು, ರಾತ್ರಿ ಮಲಗಿದಲ್ಲಿ ಚಡಪಡಿಸುವುದು, ಮುಟ್ಟಲು ಹೋದರೆ ಗುರ್ ಎನ್ನುವುದು ಇವೆಲ್ಲ ನೋವಿನ ಭಾಷೆಯೇ. ಮಾತ್ರೆಗಳಿಂದ ಈ ನೋವು ಹೆಚ್ಚು ಕಾಲ ಹತೋಟಿಗೆ ಬರುವುದಿಲ್ಲ. ನೋವಿನ ಮೂಲವಾದ ಕಾಲನ್ನೇ ತೆಗೆಯುವಂತೆ ವೈದ್ಯರು ಸೂಚಿಸುವುದು ಇದಕ್ಕಾಗಿ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಈ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಬಹುತೇಕ ನಾಯಿಗಳಲ್ಲಿ ಎಕ್ಸ್‌ರೇಗೆ ಕಾಣದಷ್ಟು ಸೂಕ್ಷ್ಮವಾಗಿ ಬೇರೆಡೆಗೆ, ವಿಶೇಷವಾಗಿ ಶ್ವಾಸಕೋಶಕ್ಕೆ, ಹರಡಿರುತ್ತದೆ. ಕಾಲು ತೆಗೆದರಷ್ಟೇ ಸಿಗುವ ಆಯಸ್ಸು ಸರಾಸರಿ ನಾಲ್ಕೈದು ತಿಂಗಳು. ಜೊತೆಗೆ ಕಾರ್ಬೋಪ್ಲಾಟಿನ್‌ನಂಥ ಔಷಧದ ಚುಚ್ಚುಮದ್ದು ಕೊಡಿಸಿದರೆ ಅದು ಹತ್ತು ತಿಂಗಳಿಂದ ಒಂದು ವರ್ಷದವರೆಗೆ ಹೋಗಬಹುದು. ಕೆಲವು ನಾಯಿಗಳು ಎರಡು ವರ್ಷ ದಾಟುವುದೂ ಉಂಟು. ಅಪಘಾತದಲ್ಲಿ ಕಾಲು ಕಳೆದುಕೊಂಡ ನಾಯಿಗೆ ಈ ಭಯವಿಲ್ಲ. ಅದು ತನ್ನ ಪೂರ್ಣಾಯಸ್ಸನ್ನು ಮೂರು ಕಾಲಿನಲ್ಲೇ ಕಳೆಯಬಲ್ಲದು.

ನಿರ್ಧಾರಕ್ಕೆ ಮುನ್ನ

ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಮತ್ತು ಉಳಿದ ಮೂರು ಕಾಲುಗಳ ತಪಾಸಣೆ ಆಗಬೇಕು. ಶ್ವಾಸಕೋಶದಲ್ಲಿ ಈಗಾಗಲೇ ಗಡ್ಡೆಗಳು ಕಾಣುತ್ತಿದ್ದರೆ, ಅಥವಾ ಬೇರೆ ಕಾಲುಗಳ ಕೀಲುಗಳು ತೀರ ಹದಗೆಟ್ಟಿದ್ದರೆ, ಕಾಲು ತೆಗೆಸುವುದರಿಂದ ಹೆಚ್ಚು ಉಪಯೋಗವಾಗದು. ಆಗ ನೋವು ನಿವಾರಣೆ, ಕೊನೆಗೆ ದಯಾಮರಣದ ಬಗ್ಗೆಯೂ ವೈದ್ಯರ ಬಳಿ ಮನಬಿಚ್ಚಿ ಮಾತಾಡುವುದು ತಪ್ಪಲ್ಲ.

‘ಇಷ್ಟು ದಪ್ಪ ನಾಯಿ ಮೂರು ಕಾಲಲ್ಲಿ ನಿಂತೀತೆ?’ ಎಂಬುದು ಎಲ್ಲರ ಪ್ರಶ್ನೆ. ನಾಯಿಯ ಭಾರದಲ್ಲಿ ಸುಮಾರು ಶೇಕಡಾ 60 ಮುಂಗಾಲುಗಳ ಮೇಲೂ 40 ಹಿಂಗಾಲುಗಳ ಮೇಲೂ ಬೀಳುತ್ತದೆ. ಹಾಗಾಗಿ ಹಿಂಗಾಲು ಕಳೆದುಕೊಂಡ ನಾಯಿ ಬೇಗ ಹೊಂದಿಕೊಳ್ಳುತ್ತದೆ, ಮುಂಗಾಲಾದರೆ ಸ್ವಲ್ಪ ನಿಧಾನ. ಆದರೂ 40–50 ಕೆ.ಜಿ. ತೂಗುವ ನಾಯಿಗಳೂ ಬಹುಪಾಲು ಕಲಿತುಕೊಳ್ಳುತ್ತವೆ. ಕ್ಯಾನ್ಸರ್ ಬಂದ ನಾಯಿಯಂತೂ ನೋಯುವ ಕಾಲನ್ನು ಎತ್ತಿಕೊಂಡು ಮೂರರಲ್ಲೇ ನಡೆಯುವುದನ್ನು ಆಗಲೇ ರೂಢಿಸಿಕೊಂಡಿರುತ್ತದೆ.

ಮನುಷ್ಯರಿಗೆ ಜೈಪುರ ಕಾಲು ಇರುವಂತೆ ನಾಯಿಗೂ ಕೃತಕ ಕಾಲು ಜೋಡಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮುಂಗಾಲನ್ನು ಹೆಗಲಿನ ಮೂಳೆ ಸಮೇತ, ಹಿಂಗಾಲನ್ನು ಸೊಂಟದ ಹತ್ತಿರದಿಂದ ತೆಗೆಯುವುದು ವಾಡಿಕೆ. ಅರ್ಧ ಉಳಿಸಿದರೆ ಆ ಮೋಟು ನೆಲಕ್ಕೆ ತಾಗಿ ಹುಣ್ಣಾಗುತ್ತದೆ. ಪೂರ್ತಿ ತೆಗೆದಲ್ಲಿ ಕೃತಕ ಕಾಲಿಗೆ ಆಧಾರವಿರುವುದಿಲ್ಲ, ಹೆಚ್ಚಿನ ನಾಯಿಗಳಿಗೆ ಅದರ ಅಗತ್ಯವೂ ಬೀಳುವುದಿಲ್ಲ.

ಮೊದಲ ಎರಡು ವಾರ

ನಾಯಿ ಆಸ್ಪತ್ರೆಯಿಂದ ಬರುವ ಮೊದಲೇ ಮನೆಯನ್ನು ಸಿದ್ಧಪಡಿಸಿ. ನಮ್ಮ ಮನೆಗಳ ಮೊಸಾಯಿಕ್, ಗ್ರಾನೈಟ್, ಟೈಲ್ಸ್ ನೆಲ ಮೂರು ಕಾಲಿನ ನಾಯಿಗೆ ದೊಡ್ಡ ಶತ್ರು. ಅದು ಓಡಾಡುವ ದಾರಿಯುದ್ದಕ್ಕೂ ತೆಂಗಿನ ನಾರಿನ ಚಾಪೆ, ರಬ್ಬರ್ ಮ್ಯಾಟ್ ಅಥವಾ ಜಾರದಂತೆ ಅಂಚು ಕಟ್ಟಿದ ಗೋಣಿತಾಟು ಹಾಸಿರಿ. ಮೆಟ್ಟಿಲಿಗೆ ಅಡ್ಡ ಇಡಿ. ಮಲಗಲು ದಪ್ಪ ಹಾಸಿಗೆ ಇರಲಿ. ಊಟದ ತಟ್ಟೆಯನ್ನು ಸಣ್ಣ ಸ್ಟೂಲಿನ ಮೇಲೆ ಇಟ್ಟರೆ ಬಗ್ಗುವ ಶ್ರಮ ತಪ್ಪುತ್ತದೆ.

ಎಷ್ಟೋ ನಾಯಿಗಳು ಒಂದೆರಡು ದಿನಗಳಲ್ಲೇ ಎದ್ದು ನಿಲ್ಲುತ್ತವೆ. ಹಿಂಗಾಲು ತೆಗೆದಿದ್ದರೆ ದಪ್ಪ ಟವೆಲನ್ನು ಹೊಟ್ಟೆಯ ಕೆಳಗೆ, ಮುಂಗಾಲು ತೆಗೆದಿದ್ದರೆ ಎದೆಯ ಕೆಳಗೆ ಹಾಯಿಸಿ, ಎರಡೂ ತುದಿ ಹಿಡಿದು ಆಧಾರ ಕೊಡಿ. ಹೊಲಿಗೆಗೆ ಒತ್ತಡ ಬೀಳದಿರಲಿ. ಮೂತ್ರಕ್ಕೆಂದು ಹೊರಗೆ ಕರೆದೊಯ್ಯುವಷ್ಟು ನಡಿಗೆ ಸಾಕು. ಓಟ, ಜಿಗಿತ ಬೇಡ.

ಗಾಯದ ಸುತ್ತ ಕಂದಿದ ಬಣ್ಣ, ತುಸು ಊತ ಸಹಜ. ಮೂರು ನಾಲ್ಕು ದಿನ ಮಲವಿಸರ್ಜನೆ ಆಗದಿದ್ದರೂ ಗಾಬರಿ ಬೇಡ. ಆದರೆ ಗಾಯದಿಂದ ರಕ್ತ ಅಥವಾ ಕೀವು ಸೋರಿದರೆ, ಹೊಲಿಗೆ ಬಿಚ್ಚಿಕೊಂಡರೆ, ಒಸಡು ಬಿಳಿಚಿಕೊಂಡರೆ, ಇಡೀ ದಿನ ಮೂತ್ರ ಮಾಡದಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ. ನೆಕ್ಕಿದರೆ ಗಾಯ ಆರುತ್ತದೆಂಬುದು ತಪ್ಪು ತಿಳಿವಳಿಕೆ. 10ರಿಂದ 14 ದಿನಗಳಲ್ಲಿ ಹೊಲಿಗೆ ಬಿಚ್ಚುವ ತನಕ ಕೊರಳಿಗೆ ಬುಟ್ಟಿಯಾಕಾರದ ಕಾಲರ್ ಇರಲೇಬೇಕು.

ವೈದ್ಯರು ಬರೆದ ನೋವಿನ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡಿ. ಇಲ್ಲದ ಕಾಲು ಮನುಷ್ಯರಿಗೆ ನೋಯುವಂತೆ ನಾಯಿಗೂ ನೋಯಬಹುದೆಂದು ವೈದ್ಯರು ಭಾವಿಸುತ್ತಾರೆ. ಸುಮ್ಮನೆ ಮಲಗಿದ ನಾಯಿ ಇದ್ದಕ್ಕಿದ್ದಂತೆ ಕಿರುಚಿದರೆ ಅದನ್ನು ಹೇಳಿ, ಅದಕ್ಕೂ ಔಷಧವಿದೆ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ನೀವಾಗಿಯೇ ಎಂದೂ ಕೊಡಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಅಥವಾ ಪಿತ್ತಜನಕಾಂಗ, ಮೂತ್ರಪಿಂಡ ಕೆಟ್ಟು ಪ್ರಾಣಕ್ಕೇ ಸಂಚಕಾರ ಬಂದೀತು.

ತೂಕವೇ ಮುಖ್ಯ

ಗಾಯ ಮಾಗಿದ ಮೇಲೆ ದಿನಕ್ಕೆ ನಾಲ್ಕೈದು ಸಲ ಚಿಕ್ಕ ಚಿಕ್ಕ ನಡಿಗೆ ಒಳ್ಳೆಯದು. ಉಗುರು ಮತ್ತು ಪಾದದ ಸಂದಿನ ಕೂದಲನ್ನು ಕತ್ತರಿಸುತ್ತಿದ್ದರೆ ಜಾರುವುದು ಕಡಿಮೆ. ಎಲ್ಲಕ್ಕಿಂತ ದೊಡ್ಡ ಪಥ್ಯ ತೂಕದ್ದು. ಪಾಪವೆಂದು ಅನ್ನ, ಬಿಸ್ಕತ್ತು, ತುಪ್ಪ ಹಾಕಿ ಬೆಳೆಸಿದರೆ ಆ ಭಾರವನ್ನು ಹೊರಬೇಕಾದದ್ದು ಉಳಿದ ಮೂರು ಕಾಲುಗಳು. ಕೈಯಿಂದ ಸವರಿದಾಗ ಪಕ್ಕೆಲುಬು ಬೆರಳಿಗೆ ಸಿಗುವಂತಿರಬೇಕು.

ಕೊನೆಯದಾಗಿ ಮನೆಯವರ ಮನಸ್ಸಿನ ಮಾತು. ಬೋಳಿಸಿದ ಮೈ, ಉದ್ದನೆಯ ಹೊಲಿಗೆ ಕಂಡು ಮಕ್ಕಳು ಬೆಚ್ಚುತ್ತಾರೆ, ಹಿರಿಯರು ‘ಮೂಕಪ್ರಾಣಿಗೆ ಯಾಕೆ ಈ ಶಿಕ್ಷೆ’ ಎನ್ನುತ್ತಾರೆ. ಮಕ್ಕಳಿಗೆ ಮೊದಲೇ ವಿವರಿಸಿ ಹೇಳಿ. ನಾಯಿಗೆ ಕನ್ನಡಿಯ ಚಿಂತೆಯಿಲ್ಲ, ಅಕ್ಕಪಕ್ಕದವರ ಮಾತಿನ ಹಂಗಿಲ್ಲ. ನೋವು ಹೋದ ಮೇಲೆ ಅದು ಮತ್ತೆ ಗೇಟಿನ ಸದ್ದಿಗೆ ಕಿವಿ ನಿಮಿರಿಸುತ್ತದೆ, ಊಟದ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬರುತ್ತದೆ. ಮುಂದಿರುವುದು ಕೆಲವೇ ತಿಂಗಳಾದರೂ ಅವು ನೋವಿಲ್ಲದ ತಿಂಗಳುಗಳಾಗಲಿ ಎಂಬುದೇ ಈ ಚಿಕಿತ್ಸೆಯ ಉದ್ದೇಶ. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಕೂತು ನಿರ್ಧರಿಸುವುದು ಒಳ್ಳೆಯದು.