ಹತ್ತು ವರ್ಷ ಮರೆಯದ ಕಾನೂನು

ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಒಂದು ರಾತ್ರಿಯ ತಪ್ಪು ಲೈಸೆನ್ಸು, ವಿಮೆ, ವೀಸಾವರೆಗೂ ಬೆನ್ನುಹತ್ತುತ್ತದೆ.

1980ರ ಮೇ 3ರಂದು ಕ್ಯಾಲಿಫೋರ್ನಿಯಾದ ಫೇರ್ ಓಕ್ಸ್‌ನಲ್ಲಿ ಚರ್ಚಿನ ಉತ್ಸವಕ್ಕೆ ನಡೆದುಹೋಗುತ್ತಿದ್ದ 13 ವರ್ಷದ ಹುಡುಗಿಗೆ ಕಾರೊಂದು ಗುದ್ದಿ, ನಿಲ್ಲದೆ ಹೋಯಿತು. ಹುಡುಗಿ ಉಳಿಯಲಿಲ್ಲ. ಕಾರು ಓಡಿಸುತ್ತಿದ್ದವನು ಕುಡಿದಿದ್ದ. ಅಷ್ಟೇ ಅಲ್ಲ, ಇಂಥದೇ ಇನ್ನೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದು, ಎರಡು ದಿನಗಳ ಹಿಂದಷ್ಟೇ ಜಾಮೀನಿನ ಮೇಲೆ ಹೊರಬಂದಿದ್ದ. ಅವನ ಹಳೆಯ ದಾಖಲೆ ಸರ್ಕಾರದ ಕಡತದಲ್ಲಿತ್ತು, ಆದರೆ ಅದು ಅವನ ಕೈಯಿಂದ ಸ್ಟಿಯರಿಂಗ್ ಕಿತ್ತುಕೊಂಡಿರಲಿಲ್ಲ. ಹುಡುಗಿಯ ತಾಯಿ ಕ್ಯಾಂಡೇಸ್ ಲೈಟ್ನರ್ ಅದೇ ವರ್ಷ ಕಟ್ಟಿದ ತಾಯಂದಿರ ಸಂಘಟನೆಯೇ ‘ಮ್ಯಾಡ್’. ಕುಡಿದು ಓಡಿಸುವುದನ್ನು ‘ಆಗಿಹೋದ ಅಚಾತುರ್ಯ’ ಎಂದು ನೋಡುತ್ತಿದ್ದ ಅಮೆರಿಕ, ಅದನ್ನು ಅಪರಾಧವೆಂದೇ ನೋಡಲು ಕಲಿತದ್ದರಲ್ಲಿ ಈ ಸಂಘಟನೆಯ ಪಾಲು ದೊಡ್ಡದು.

ಆಮೇಲಿನ ದಶಕಗಳಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಾನೂನಿಗೆ ಕೊಟ್ಟದ್ದು ಮುಖ್ಯವಾಗಿ ನೆನಪಿನ ಶಕ್ತಿಯನ್ನು.

ಗೆರೆ ಸಡಿಲ, ಬಲೆ ಬಿಗಿ

ಅಲ್ಲಿ ಈ ಅಪರಾಧಕ್ಕೆ ಎಲ್ಲರ ಬಾಯಲ್ಲೂ ಇರುವ ಹೆಸರು ‘ಡಿಯುಐ’. 1990ರಿಂದ ರಕ್ತದಲ್ಲಿನ ಮದ್ಯಸಾರದ ಮಿತಿ ಶೇ 0.08. ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನಲ್ಲಿ ಇದು 30 ಮಿಲಿಗ್ರಾಂ. ಬೆಂಗಳೂರಿನಿಂದ ಹೋಗಿ ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ನೆಲೆಸಿದವರಿಗೆ ‘ಇಲ್ಲಿ ಎರಡು ಬಿಯರ್‌ಗೆ ತೊಂದರೆಯಿಲ್ಲ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಆ ಗೆರೆ ಕಂಡಷ್ಟು ಸಡಿಲವಲ್ಲ. ವಾಹನ ಸಂಹಿತೆಯ 23152ನೇ ಸೆಕ್ಷನ್ನಿನಲ್ಲಿ ಬೇರೆಬೇರೆ ಉಪವಿಧಿಗಳಿವೆ. 0.08 ಮುಟ್ಟುವುದು ಒಂದು ಅಪರಾಧ. ಅದಕ್ಕಿಂತ ಕಡಿಮೆಯಿದ್ದರೂ ಅಮಲಿನಿಂದ ಚಾಲನೆಯ ಹಿಡಿತ ತಪ್ಪಿದ್ದರೆ ಅದು ಇನ್ನೊಂದು ಅಪರಾಧ. ಲಾರಿಯಂಥ ವಾಣಿಜ್ಯ ವಾಹನ ಓಡಿಸುವವರಿಗೂ ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವವರಿಗೂ ಮಿತಿ 0.04. 21 ತುಂಬದವರಿಗೆ 0.01, ಅಂದರೆ ಹೆಚ್ಚುಕಡಿಮೆ ಸೊನ್ನೆ. ಕುಡಿದು ಸೈಕಲ್ ತುಳಿದರೂ 250 ಡಾಲರ್‌ವರೆಗೆ ದಂಡವಿದೆ.

ರಸ್ತೆ ಬದಿ ಪೊಲೀಸರು ಮಾಡಿಸುವ ಕಸರತ್ತು ಹಾಲಿವುಡ್ ಸಿನಿಮಾ ನೋಡಿದವರಿಗೆ ಪರಿಚಿತ. ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತ ಒಂಬತ್ತು ಹೆಜ್ಜೆ ಹೋಗಿ ತಿರುಗಿ ಬರುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಅಧಿಕಾರಿ ಆಡಿಸುವ ಪೆನ್ನಿನ ಹಿಂದೆ ಕಣ್ಣು ಹೊರಳಿಸುವುದು. ಅಮೆರಿಕದಾದ್ಯಂತ ಬಳಕೆಯಲ್ಲಿರುವ ಈ ಮೂರು ಪರೀಕ್ಷೆಗಳೂ ಲಾಸ್ ಏಂಜಲೀಸ್‌ನ ಸಂಶೋಧಕರು 1970ರ ದಶಕದಿಂದ ನಡೆಸಿದ ಅಧ್ಯಯನಗಳಿಂದ ರೂಪುಗೊಂಡವು. 21 ದಾಟಿದ, ಹಿಂದಿನ ಡಿಯುಐಗಾಗಿ ಪ್ರೊಬೇಷನ್‌ನಲ್ಲಿ (ಷರತ್ತಿನ ಬಿಡುಗಡೆಯಲ್ಲಿ) ಇಲ್ಲದ ಚಾಲಕ ಇವನ್ನೂ, ಬಂಧನಕ್ಕೆ ಮೊದಲು ಊದಿಸುವ ಪುಟ್ಟ ಯಂತ್ರವನ್ನೂ ಬೇಡವೆನ್ನಬಹುದು. ಬಂಧನದ ನಂತರ ಆ ಸ್ವಾತಂತ್ರ್ಯವಿಲ್ಲ. ರಸ್ತೆಗಿಳಿದು ವಾಹನ ಓಡಿಸಿದ್ದೇ ಪರೀಕ್ಷೆಗೆ ಒಪ್ಪಿಕೊಂಡಂತೆ ಎನ್ನುತ್ತದೆ ಕಾನೂನು. ಆಗ ಒಲ್ಲೆನೆಂದರೆ ಆ ಒಂದು ಮಾತಿಗೇ ವರ್ಷಪೂರ್ತಿ ಲೈಸೆನ್ಸ್ ಹೋಗುತ್ತದೆ.

ಒಂದು ತಪ್ಪು, ಎರಡು ಬಾಗಿಲು

ಬಂಧನವಾದೊಡನೆ ಎರಡು ಬೇರೆಬೇರೆ ವಿಚಾರಣೆಗಳು ಶುರುವಾಗುತ್ತವೆ. ಒಂದು ನ್ಯಾಯಾಲಯದಲ್ಲಿ, ಇನ್ನೊಂದು ನಮ್ಮ ಆರ್‌ಟಿಒಗೆ ಸಮನಾದ ಡಿಎಂವಿಯಲ್ಲಿ. ಪೊಲೀಸರು ಲೈಸೆನ್ಸ್ ಇಟ್ಟುಕೊಂಡು 30 ದಿನಗಳ ತಾತ್ಕಾಲಿಕ ಕಾಗದ ಕೊಡುತ್ತಾರೆ. ವಿಚಾರಣೆ ಬೇಕಿದ್ದರೆ ಹತ್ತೇ ದಿನಗಳಲ್ಲಿ ಕೇಳಬೇಕು. ಗಾಬರಿಯಲ್ಲಿ ವಕೀಲರನ್ನು ಹುಡುಕುವಷ್ಟರಲ್ಲಿ ಈ ಗಡುವು ಜಾರಿಹೋಗುವುದುಂಟು. ಜಾರಿದರೆ ಮೊದಲ ಸಲದವರಿಗೆ ನಾಲ್ಕು ತಿಂಗಳು ಲೈಸೆನ್ಸ್ ಅಮಾನತು. ನ್ಯಾಯಾಲಯ ಇನ್ನೂ ಬಾಯಿ ತೆರೆದಿರುವುದಿಲ್ಲ, ಶಿಕ್ಷೆ ಆಗಲೇ ಆರಂಭವಾಗಿರುತ್ತದೆ.

ಮೊದಲ ಅಪರಾಧ ಸಾಬೀತಾದರೆ 390ರಿಂದ 1,000 ಡಾಲರ್ ದಂಡ ಎಂದು ಪುಸ್ತಕ ಹೇಳುತ್ತದೆ. ಅದರ ಮೇಲೆ ಬೀಳುವ ಸರ್ಕಾರಿ ಶುಲ್ಕಗಳು ಸೇರಿ ಕಟ್ಟುವ ಮೊತ್ತ ಹಲವು ಪಟ್ಟಾಗುತ್ತದೆ. ಜೈಲು 96 ಗಂಟೆಗಳಿಂದ ಆರು ತಿಂಗಳವರೆಗೆ. ಪ್ರೊಬೇಷನ್ ಸಿಕ್ಕರೆ ಇದು ತಪ್ಪುವುದೂ ಉಂಟು. ಆದರೆ ಪ್ರೊಬೇಷನ್ನಿನ ಮೂರರಿಂದ ಐದು ವರ್ಷ ಮದ್ಯದ ಅಂಶವಿಟ್ಟುಕೊಂಡು ಸ್ಟಿಯರಿಂಗ್ ಮುಟ್ಟುವಂತಿಲ್ಲ. ಜೊತೆಗೆ ಕನಿಷ್ಠ ಮೂರು ತಿಂಗಳ ‘ಡಿಯುಐ ಸ್ಕೂಲ್’. ರಕ್ತದಲ್ಲಿ 0.20 ಮುಟ್ಟಿದ್ದರೆ ಒಂಬತ್ತು ತಿಂಗಳು. ಕೆಲಸಕ್ಕೂ ದಿನಸಿಗೂ ಮಕ್ಕಳ ಶಾಲೆಗೂ ಕಾರೇ ಗತಿಯಾದ ಆ ನಾಡಿನಲ್ಲಿ ಲೈಸೆನ್ಸ್ ಇಲ್ಲದ ತಿಂಗಳುಗಳು ಜೈಲಿನ ದಿನಗಳಿಗಿಂತ ಭಾರ.

ಭಾರತದಿಂದ ಹೋದವರಿಗೆ ಮೂರನೆಯ ಬಾಗಿಲೂ ಇದೆ. 2015ರಿಂದ ಅಮೆರಿಕದ ವಿದೇಶಾಂಗ ಇಲಾಖೆ ಡಿಯುಐ ಬಂಧನದ ಮೇಲೆಯೇ, ತೀರ್ಪಿಗೆ ಕಾಯದೆ, ವೀಸಾ ರದ್ದು ಮಾಡಬಹುದು. ಎಚ್-1ಬಿಯಲ್ಲಿರುವ ಎಂಜಿನಿಯರ್‌ಗೂ ಓದಲು ಹೋದ ವಿದ್ಯಾರ್ಥಿಗೂ ಇದು ಅನ್ವಯ. ವೀಸಾ ರದ್ದಾದ ಮಾತ್ರಕ್ಕೆ ಅಲ್ಲಿನ ವಾಸ ಅಕ್ರಮವಾಗದು. ಆದರೆ ಅಣ್ಣನ ಮದುವೆಗೆಂದು ಊರಿಗೆ ಬಂದವರು ಮರಳಬೇಕೆಂದರೆ ಹೊಸ ವೀಸಾ ಬೇಕು. ಅದಕ್ಕೆ ಮೊದಲು ದೂತಾವಾಸ ಸೂಚಿಸಿದ ವೈದ್ಯರೆದುರು ತಮಗೆ ಕುಡಿತದ ಚಟವಿಲ್ಲವೆಂದು ತೋರಿಸಬೇಕು.

ಎಚ್ಚರಿಕೆಯೇ ಸಾಕ್ಷಿ

ಕ್ಯಾಲಿಫೋರ್ನಿಯಾದ ಕಾನೂನಿನ ಅತ್ಯಂತ ಹರಿತವಾದ ಭಾಗ ಹುಟ್ಟಿದ್ದು ರೆಡ್ಡಿಂಗ್ ನಗರದ 1979ರ ಅಪಘಾತದಿಂದ. 0.23ರಷ್ಟು ಕುಡಿದು ಅತಿವೇಗದಲ್ಲಿ ಬಂದವನ ಕಾರಿಗೆ ಸಿಕ್ಕಿ ಒಬ್ಬ ತಾಯಿ, ಆಕೆಯ ಆರು ವರ್ಷದ ಮಗಳು ಸತ್ತರು. ಇದನ್ನು ಬರೀ ಅಜಾಗರೂಕತೆ ಎನ್ನಬೇಕೆ, ಕೊಲೆ ಎನ್ನಬಹುದೆ? 1981ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಚಾಲಕ ವಾಟ್ಸನ್‌ನ ಪ್ರಕರಣದಲ್ಲಿ ಹೇಳಿತು: ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಓಡಿಸಿದ್ದರೆ ಕೊಲೆಯ ಆರೋಪ ಹೊರಿಸಬಹುದು.

‘ಗೊತ್ತಿತ್ತು’ ಎಂದು ಸಾಬೀತುಪಡಿಸುವುದು ಹೇಗೆ? ಕಾನೂನು ಜಾಣ ದಾರಿ ಹುಡುಕಿತು. ಈಗ ಡಿಯುಐ ಅಪರಾಧಿಗೆ ಶಿಕ್ಷೆ ವಿಧಿಸುವಾಗಲೇ ನ್ಯಾಯಾಲಯ ಎಚ್ಚರಿಸುತ್ತದೆ: ಕುಡಿದು ಓಡಿಸುವುದು ಜೀವಕ್ಕೆ ಅಪಾಯ, ಮುಂದೆ ನಿಮ್ಮಿಂದ ಯಾರಾದರೂ ಸತ್ತರೆ ಕೊಲೆ ಆರೋಪ ಎದುರಿಸಬೇಕಾಗಬಹುದು. ಸಾಮಾನ್ಯವಾಗಿ ಈ ‘ವಾಟ್ಸನ್ ಎಚ್ಚರಿಕೆ’ಗೆ ಸಹಿಯನ್ನೂ ಹಾಕಿಸಿಕೊಳ್ಳಲಾಗುತ್ತದೆ. ಮುಂದೆ ಅದೇ ವ್ಯಕ್ತಿಯಿಂದ ಸಾವು ಸಂಭವಿಸಿದರೆ ಪ್ರಾಸಿಕ್ಯೂಟರ್ ಆ ಕಾಗದವನ್ನೇ ಜ್ಯೂರಿಯ ಮುಂದಿಡುತ್ತಾರೆ. ಎರಡನೇ ದರ್ಜೆಯ ಕೊಲೆಗೆ ಶಿಕ್ಷೆ 15 ವರ್ಷಗಳಿಂದ ಜೀವಾವಧಿ.

ನೆನಪಿದ್ದರೆ ಸಾಕೆ?

ಒಂದು ಡಿಯುಐ ಲೆಕ್ಕದಲ್ಲಿ ಉಳಿಯುವುದು ಹತ್ತು ವರ್ಷ. 2005ಕ್ಕೆ ಮೊದಲು ಅದು ಏಳಾಗಿತ್ತು. ಅಷ್ಟರೊಳಗೆ ಮತ್ತೆ ಸಿಕ್ಕಿಬಿದ್ದರೆ ಶಿಕ್ಷೆ ಮೆಟ್ಟಿಲೇರುತ್ತದೆ. ವಿಮೆಯಲ್ಲಿ ಒಳ್ಳೆಯ ಚಾಲಕರಿಗೆ ಸಿಗುವ ರಿಯಾಯಿತಿಯೂ ಅಷ್ಟೇ ವರ್ಷ ಇಲ್ಲ.

ಆದರೆ ಇದೇ ಕಾನೂನಿಗೆ ಇನ್ನೊಂದು ಮುಖವಿದೆ. ಯಾರಿಗೂ ಗಾಯವಾಗದಿದ್ದರೆ, ಹತ್ತು ವರ್ಷಗಳಲ್ಲಿ ಮೂರು ಸಲ ಸಿಕ್ಕಿಬಿದ್ದರೂ ಪ್ರಕರಣ ಸಾಮಾನ್ಯವಾಗಿ ಸಣ್ಣ ಅಪರಾಧಗಳ ಸಾಲಿನಲ್ಲೇ ಉಳಿಯುತ್ತದೆ. ಘೋರ ಅಪರಾಧದ ಪಟ್ಟ ಸಿಗಬಹುದಾದದ್ದು ನಾಲ್ಕನೆಯದಕ್ಕೆ. ನ್ಯೂಯಾರ್ಕ್‌ನಲ್ಲಿ ಹತ್ತು ವರ್ಷದೊಳಗಿನ ಎರಡನೆಯದಕ್ಕೇ ಆ ಪಟ್ಟ ಕಟ್ಟಬಹುದು. ಉಸಿರಿನಲ್ಲಿ ಮದ್ಯವಿದ್ದರೆ ಎಂಜಿನ್ನೇ ಶುರುವಾಗದಂತೆ ತಡೆಯುವ ಇಗ್ನಿಷನ್ ಇಂಟರ್‌ಲಾಕ್ ಯಂತ್ರವನ್ನು ಹೆಚ್ಚಿನ ರಾಜ್ಯಗಳು ಮೊದಲ ತಪ್ಪಿಗೇ ಕಡ್ಡಾಯ ಮಾಡಿವೆ. ಕ್ಯಾಲಿಫೋರ್ನಿಯಾ 2019ರಲ್ಲಿ ಅದನ್ನು ರಾಜ್ಯವಿಡೀ ತಂದಿತಾದರೂ, ಯಾರಿಗೂ ಗಾಯವಾಗದ ಮೊದಲ ತಪ್ಪಿಗೆ ಐಚ್ಛಿಕವಾಗಿಯೇ ಬಿಟ್ಟಿತು. ಆ ರಾಜ್ಯದಲ್ಲಿ ಇಂದಿಗೂ ಅಮಲಿನ ಚಾಲನೆಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಜೀವಗಳು ಹೋಗುತ್ತವೆ.

ಕಡತದ ನೆನಪು ಎಷ್ಟೇ ಗಟ್ಟಿಯಿದ್ದರೂ ಅದು ಕೆಲಸಕ್ಕೆ ಬರುವುದು ಸಿಕ್ಕಿಬಿದ್ದ ಮೇಲೆ. ವಾಟ್ಸನ್ ಎಚ್ಚರಿಕೆ ಕೊಲೆಗಾರನನ್ನು ಜೈಲಿಗೆ ಕಳಿಸಬಲ್ಲದು. ಎದುರಿನ ಕಾರಿನಲ್ಲಿದ್ದವರನ್ನು ಉಳಿಸಲಾರದು. ಮೊದಲ ಸಲ ಸಿಕ್ಕಿಬಿದ್ದವನ ಕಾರಿಗೇ ಕಡ್ಡಾಯವಾಗಿ ಆ ಯಂತ್ರ ಅಳವಡಿಸಿದರೆ, ಅಮಲಿನಲ್ಲಿ ಕೂತವನಿಗೆ ಏನೂ ನೆನಪಾಗದಿದ್ದರೂ ಎಂಜಿನ್ ಶುರುವಾಗುವುದಿಲ್ಲ. ನೆನಪಿಡುವುದನ್ನು ಇಷ್ಟು ಚೆನ್ನಾಗಿ ಕಲಿತ ರಾಜ್ಯಕ್ಕೆ ಮೊದಲೇ ತಡೆಯುವುದನ್ನು ಕಲಿಯುವುದು ದೊಡ್ಡ ಮಾತಲ್ಲ.