ಬ್ಯಾಟರಿ ಬೇಡ, ನಿತ್ಯ ಕೀ ಕೊಡಬೇಕಿಲ್ಲ; ಆದರೆ ಸೆಕೆಂಡಿನ ಲೆಕ್ಕ ಕೇಳುವಂತಿಲ್ಲ

ದಿನಕ್ಕೆ 45 ಸೆಕೆಂಡು ಮುಂದೆ ಅಥವಾ 35 ಸೆಕೆಂಡು ಹಿಂದೆ. ಜಪಾನಿನ ಸೈಕೊ ಕಂಪನಿಯ ‘5 ಸ್ಪೋರ್ಟ್ಸ್’ ಆಟೊಮ್ಯಾಟಿಕ್ ಕೈಗಡಿಯಾರ ಇಷ್ಟು ಹೆಚ್ಚುಕಡಿಮೆ ಓಡಿದರೂ ತಯಾರಕರ ಲೆಕ್ಕದಲ್ಲಿ ಅದು ದೋಷವಲ್ಲ. ವಾರ ಕಳೆಯುವಷ್ಟರಲ್ಲಿ ಐದು ನಿಮಿಷ ಮುಂದೆ ಹೋಗಿದ್ದರೂ ಯಂತ್ರ ಸರಿಯಾಗಿಯೇ ಇದೆ ಎಂದರ್ಥ. ಇದಕ್ಕಿಂತ ಬಹಳ ಅಗ್ಗದ ಸಾಮಾನ್ಯ ಬ್ಯಾಟರಿ ಗಡಿಯಾರ ತಿಂಗಳಿಗೆ 15 ಸೆಕೆಂಡಿನಷ್ಟು ಮಾತ್ರ ತಪ್ಪುತ್ತದೆ. ಹೀಗಿದ್ದೂ ಮಧ್ಯಮವರ್ಗದವರ ಕೈಗೆಟುಕುವ ಆಟೊಮ್ಯಾಟಿಕ್‌ಗಳ ಮಾತು ಬಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು.

ಆಟೊಮ್ಯಾಟಿಕ್ ಎಂದರೆ ತಾನಾಗಿಯೇ ಕೀ ಕೊಟ್ಟುಕೊಳ್ಳುವ ಗಡಿಯಾರ. ಒಳಗೆ ಅರ್ಧಚಂದ್ರಾಕಾರದ ಲೋಹದ ತುಂಡೊಂದಿರುತ್ತದೆ. ಅದಕ್ಕೆ ರೋಟರ್ ಎಂದು ಹೆಸರು. ಕೈ ಅಲ್ಲಾಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಸೈಕೊ 1959ರಲ್ಲಿ ರೂಪಿಸಿದ ‘ಮ್ಯಾಜಿಕ್ ಲಿವರ್’ ಎಂಬ ಸರಳ ಸನ್ನೆಯಿಂದಾಗಿ ರೋಟರ್ ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಬಿಡಿಭಾಗಗಳು ಕಡಿಮೆಯಾದ್ದರಿಂದ ತಯಾರಿಕೆಯ ವೆಚ್ಚವೂ ಇಳಿಯಿತು. ಅಗ್ಗದ ಆಟೊಮ್ಯಾಟಿಕ್ ಸಾಧ್ಯವಾದದ್ದರ ಹಿಂದಿನ ಗುಟ್ಟುಗಳಲ್ಲಿ ಇದು ಮುಖ್ಯವಾದುದು.

‘ಸೈಕೊ 5’ ಮಾರುಕಟ್ಟೆಗೆ ಬಂದದ್ದು 1963ರಲ್ಲಿ. ಹೆಸರಿನಲ್ಲಿರುವ ಐದು ಎಂದರೆ ಐದು ಗುಣಗಳು: ತಾನಾಗಿ ಸುತ್ತಿಕೊಳ್ಳುವ ಯಂತ್ರ, ಒಂದೇ ಕಿಂಡಿಯಲ್ಲಿ ವಾರ ಮತ್ತು ತಾರೀಖು, ನೀರಿನಿಂದ ರಕ್ಷಣೆ, ನಾಲ್ಕು ಗಂಟೆಯ ಬಳಿ ಹುದುಗಿದ ಗುಂಡಿ, ಗಟ್ಟಿಯಾದ ಕವಚ ಮತ್ತು ಸರಪಳಿ. ಗುಂಡಿಯನ್ನು ಪಕ್ಕಕ್ಕೆ ಸರಿಸಿದ್ದರಲ್ಲಿ ಒಂದು ಜಾಣತನವಿದೆ. ಅದನ್ನು ನಿತ್ಯ ಮುಟ್ಟಬೇಕಾಗಿಲ್ಲ ಎಂಬುದನ್ನು ವಿನ್ಯಾಸವೇ ಸಾರುತ್ತಿತ್ತು. 1961ರಲ್ಲಿ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ‘ಜನತಾ’ಗೆ ಬೆಳಿಗ್ಗೆ ಎದ್ದೊಡನೆ ಕೀ ಕೊಡುತ್ತಿದ್ದ ತಲೆಮಾರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಅರ್ಥವಾಗುತ್ತದೆ.

2019ರಲ್ಲಿ ‘5 ಸ್ಪೋರ್ಟ್ಸ್’ ಹೊಸ ರೂಪದಲ್ಲಿ ಬಂದಿತು. ಒಳಗಿನ 4ಆರ್36 ಯಂತ್ರ ಪೂರ್ತಿ ಸುತ್ತಿಕೊಂಡರೆ ಸುಮಾರು 41 ಗಂಟೆ ಓಡುತ್ತದೆ. ಹಿಂದಿನ 7ಎಸ್26 ಯಂತ್ರಕ್ಕೆ ಕೈಯಿಂದ ಕೀ ಕೊಡಲು ಆಗುತ್ತಿರಲಿಲ್ಲ. ಗುಂಡಿ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತಲೂ ಇರಲಿಲ್ಲ. ಹೊಸದರಲ್ಲಿ ಇವೆರಡೂ ಇವೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಕೈಯಲ್ಲಿ ರೋಟರ್ ಸಾಕಷ್ಟು ತಿರುಗದೆ ಇರಬಹುದು. ಶುಕ್ರವಾರ ಸಂಜೆ ಬಿಚ್ಚಿಟ್ಟ ಗಡಿಯಾರ ಸೋಮವಾರ ಬೆಳಿಗ್ಗೆ ನಿಂತೇ ಇರುತ್ತದೆ. ಅಂಥವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಆದರೆ ‘ಸ್ಪೋರ್ಟ್ಸ್’ ಎಂಬ ಪದವನ್ನು ತುಸು ಎಚ್ಚರಿಕೆಯಿಂದಲೇ ಓದಬೇಕು. ಈ ಗಡಿಯಾರ ತನ್ನ ರೂಪವನ್ನು ಪಡೆದದ್ದು 1996ರಲ್ಲಿ ಬಂದ ಎಸ್‌ಕೆಎಕ್ಸ್007 ಎಂಬ ಮುಳುಗುಗಾರರ ಮಾದರಿಯಿಂದ. ಅದರ ಗುಂಡಿಯನ್ನು ತಿರುಚಿ ಬಿಗಿಯಬಹುದಾಗಿತ್ತು, ನೀರಿನ ಮಿತಿ 200 ಮೀಟರ್ ಇತ್ತು. ಅದೇ ಮುಖಚಹರೆಯ ಹೊಸ ಮಾದರಿಯಲ್ಲಿ ಗುಂಡಿ ಕೇವಲ ಒತ್ತಿ ಕೂರಿಸುವಂಥದ್ದು, ಮಿತಿ 100 ಮೀಟರ್. ಮಳೆಗೆ, ಈಜುಕೊಳಕ್ಕೆ ಅದು ಧಾರಾಳ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರಕ್ಕಿಳಿಯುವವರಿಗೆ ಅಲ್ಲ.

ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖು ತಿದ್ದದಿರುವುದು ಕ್ಷೇಮ. ಆಗ ತಾರೀಖಿನ ಹಲ್ಲುಚಕ್ರಗಳು ಕೂಡಿಕೊಂಡಿರುವುದರಿಂದ ಬಲವಂತ ಮಾಡಿದರೆ ಮುರಿಯಬಹುದು. ಗಡಿಯಾರ ಇದ್ದಕ್ಕಿದ್ದಂತೆ ಬಹಳ ಮುಂದೆ ಓಡತೊಡಗಿದರೆ ಸ್ಪೀಕರ್‌ನಂಥ ವಸ್ತುಗಳ ಅಯಸ್ಕಾಂತ ಕಾರಣವಿರಬಹುದು. ಅಯಸ್ಕಾಂತ ಗುಣ ತೆಗೆಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ವರ್ಷಗಳು ಕಳೆದಂತೆ ಒಳಗಿನ ಎಣ್ಣೆ ಒಣಗುತ್ತದೆ. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸುವ ಖರ್ಚು ಗಡಿಯಾರದ ಬೆಲೆಯ ಗಣನೀಯ ಪಾಲಾಗಬಹುದು ಎಂಬುದನ್ನು ಕೊಳ್ಳುವ ಮುನ್ನವೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ದಿನವೂ ಒಂದೇ ಪ್ರಮಾಣದಲ್ಲಿ ಮುಂದೆ ಹೋಗುವ ಗಡಿಯಾರವಾದರೆ ಇಷ್ಟೆಲ್ಲ ಬೇಕಿಲ್ಲ. ಪಳಗಿದ ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದು, ವೇಗ ಹೊಂದಿಸುವ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ವ್ಯತ್ಯಾಸ ತಗ್ಗಿಸಬಲ್ಲರು. ವಾರಂಟಿ ಅವಧಿ ಮುಗಿಯುವ ಮೊದಲಾದರೆ ಆ ಕೆಲಸವನ್ನು ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲೇ ಮಾಡಿಸಬೇಕು.